ನಾಲ್ಕು ಟ್ಯೂಬು, ಒಂದೇ ಮುಖ: ಮೊಡವೆ ಜೆಲ್‌ಗಳನ್ನು ಹಚ್ಚಿ ನೋಡಿದ ಮೇಲೆ

ನನಗೆ ಮೊಡವೆ ಶುರುವಾಗಿದ್ದು ಹದಿನಾರರಲ್ಲಲ್ಲ, ಇಪ್ಪತ್ನಾಲ್ಕರಲ್ಲಿ. ಓದು ಮುಗಿಸಿ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಅದು. "ಈ ವಯಸ್ಸಲ್ಲೂ ಮೊಡವೆನಾ?" ಅಂತ ಕೇಳದ ನೆಂಟರಿಲ್ಲ. ಅಮ್ಮ ಕಡಲೆಹಿಟ್ಟು, ಅರಿಶಿನ ಕಲಸಿ ಕೊಟ್ಟರು. ಪಕ್ಕದ ಮನೆ ಆಂಟಿ ಲೋಳೆಸರ ಮುರಿದು ತಂದುಕೊಟ್ಟರು. ಗಲ್ಲದ ಮೇಲಿನ ಗಂಟುಗಳು ಮಾತ್ರ ಇಳಿಯಲಿಲ್ಲ. ಮುಂದಿನ ಎರಡೂವರೆ ವರ್ಷದಲ್ಲಿ ನಾಲ್ಕು ಬೇರೆ ಬೇರೆ ಔಷಧಿ ನನ್ನ ಮುಖ ಕಂಡಿವೆ: ಕ್ಲಿಂಡಾಮೈಸಿನ್, ಬೆನ್ಝಾಯ್ಲ್ ಪೆರಾಕ್ಸೈಡ್, ಟ್ರೆಟಿನಾಯಿನ್, ಅಡಾಪಲೀನ್. ಈಗ ನನ್ನ ತಂಗಿಗೂ ಮೊಡವೆ ಶುರುವಾಗಿದೆ. "ಅಕ್ಕಾ, ಯಾವುದು ಒಳ್ಳೇದು?" ಅಂತ ಹಾಸ್ಟೆಲ್ಲಿನಿಂದ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹೋಲಿಕೆಗೆ ಮೊದಲು ಪಟ್ಟಿಯಲ್ಲಿ ಸೇರಿಸಲೇಬಾರದ ಒಂದು ಟ್ಯೂಬಿನ ಬಗ್ಗೆ ಹೇಳಬೇಕು. ನಾನು ಎಲ್ಲಕ್ಕಿಂತ ಮೊದಲು ಹಚ್ಚಿದ್ದು ಅದನ್ನೇ. ಮೆಡಿಕಲ್ ಶಾಪಿನಲ್ಲಿ "ಮೊಡವೆಗೆ ಏನಾದ್ರೂ ಕೊಡಿ" ಅಂದೆ, ಒಂದು ಕ್ರೀಮ್ ಕೊಟ್ಟರು. ಮೂರೇ ದಿನಕ್ಕೆ ಮುಖ ನುಣ್ಣಗಾಯಿತು, ಬಣ್ಣವೂ ತಿಳಿಯಾಯಿತು. ತುಂಬಾ ಖುಷಿಪಟ್ಟೆ. ಐದನೇ ವಾರ ಕ್ರೀಮ್ ಮುಗಿಯಿತು, ಎರಡು ದಿನ ಹಚ್ಚಲಿಲ್ಲ, ಕೆನ್ನೆ ತುಂಬ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ ಎದ್ದವು. ಬಿಸಿಲಿಗೆ ಹೋದರೆ ಮುಖ ಉರಿ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು, ಅದರಲ್ಲಿ ಸ್ಟೀರಾಯ್ಡ್ ಇತ್ತು. ಮುಖಕ್ಕೆ ಹಚ್ಚುವ ಕ್ರೀಮ್ ಯಾವುದೇ ಇರಲಿ, ದಯವಿಟ್ಟು ಆ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಇಂಥ ಹೆಸರು ಕಂಡರೆ ಅದು ಸ್ಟೀರಾಯ್ಡ್, ಮೊಡವೆಗೆ ಔಷಧಿಯಲ್ಲ. 2018ರಲ್ಲಿ ಕೇಂದ್ರ ಸರ್ಕಾರವೇ ಇಂಥ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿದೆ. ಆದರೂ ಕೌಂಟರಿನಲ್ಲಿ ಕೈಗೆ ಸಿಗುತ್ತಲೇ ಇವೆ. ಇದನ್ನು ಬಿಡಿಸಿಕೊಳ್ಳುವುದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು.

ಆಮೇಲೆ ಕ್ಲಿಂಡಾಮೈಸಿನ್ 1 ಪರ್ಸೆಂಟ್ ಜೆಲ್. ಇದನ್ನು ಆಫೀಸಿನ ಗೆಳತಿ ಹೇಳಿದಳು, ಅವಳಿಗೆ ವಾಸಿಯಾಗಿತ್ತಂತೆ. ಹಚ್ಚುವುದಕ್ಕೆ ಇಷ್ಟು ಹಿತವಾದ ಜೆಲ್ ಬೇರೆ ಇಲ್ಲ. ನೀರಿನಂತೆ ತಣ್ಣಗೆ, ಉರಿಯಿಲ್ಲ, ಸಿಪ್ಪೆ ಏಳುವುದಿಲ್ಲ, ವಾಸನೆಯೂ ಇಲ್ಲ. ಕೀವು ತುಂಬಿದ ಮೊಡವೆಗಳು ಎರಡು ಮೂರು ವಾರದಲ್ಲಿ ಇಳಿದವು. ಕರಿ ತಲೆಯ ಮೊಡವೆ, ಹಣೆಯ ಮೇಲಿನ ಸಣ್ಣ ಗಂಟುಗಳು ಇದ್ದಲ್ಲೇ ಇದ್ದವು. ಮೂರನೇ ತಿಂಗಳ ಹೊತ್ತಿಗೆ ಮೊದಲಿನ ಪರಿಣಾಮವೂ ಹೋಯಿತು. ಕಾರಣ ಆಮೇಲೆ ತಿಳಿಯಿತು: ಇದು ಆಂಟಿಬಯೋಟಿಕ್. ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚಿದರೆ ಮೊಡವೆಯ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಹಾಗಾಗಿ ಚರ್ಮದ ಡಾಕ್ಟರುಗಳು ಇದನ್ನು ಬೆನ್ಝಾಯ್ಲ್ ಪೆರಾಕ್ಸೈಡ್ ಜೊತೆ ಸೇರಿಸಿಯೇ ಕೊಡುತ್ತಾರೆ, ಅದೂ ಸಾಮಾನ್ಯವಾಗಿ ಮೂರು ತಿಂಗಳ ಮಟ್ಟಿಗೆ. ಗೆಳತಿಯ ಟ್ಯೂಬು ನೋಡಿ ನಾನು ಕೊಂಡಿದ್ದು ತಪ್ಪು. ಅವಳಿಗೆ ಡಾಕ್ಟರ್ ಬರೆದುಕೊಟ್ಟಿದ್ದು ಎರಡು ಔಷಧಿ, ನನಗೆ ಅವಳು ಹೇಳಿದ್ದು ಒಂದು.

ಅಲ್ಲಿಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಮೇಡಂ ದೀಪ ಹಿಡಿದು ಮುಖ ನೋಡಿದರು. ಮುಟ್ಟು ಸರಿಯಾಗಿ ಆಗುತ್ತದೆಯೇ, ಗಲ್ಲದ ಮೇಲೆ ಗಡ್ಡದಂತೆ ಕೂದಲು ಬರುತ್ತಿದೆಯೇ, ಮದುವೆಯಾಗಿದೆಯೇ, ಮಗುವಿನ ಯೋಚನೆ ಇದೆಯೇ ಅಂತೆಲ್ಲ ಕೇಳಿದರು. ಮೊಡವೆಗೂ ಇದಕ್ಕೂ ಏನು ಸಂಬಂಧ ಅನ್ನಿಸಿತ್ತು ಆಗ. ಸಂಬಂಧ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಅವರು ಮೊದಲು ಕೊಟ್ಟಿದ್ದು ಬೆನ್ಝಾಯ್ಲ್ ಪೆರಾಕ್ಸೈಡ್ 2.5 ಪರ್ಸೆಂಟ್. ಅಂಗಡಿಯಲ್ಲಿ 5 ಪರ್ಸೆಂಟಿನದೂ ಇತ್ತು. ಜಾಸ್ತಿ ಇದ್ದರೆ ಬೇಗ ವಾಸಿಯಾಗಬಹುದಲ್ವಾ ಅಂತ ಅದಕ್ಕೇ ಕೈ ಹೋಯಿತು. ಆಮೇಲೆ ಚೀಟಿ ನೋಡಿ 2.5ರದೇ ತಂದೆ, ಒಳ್ಳೆಯದಾಯಿತು. ಪರ್ಸೆಂಟ್ ಏರಿದರೆ ಗುಣ ಅಷ್ಟೇನೂ ಏರುವುದಿಲ್ಲ, ಉರಿ ಮಾತ್ರ ಏರುತ್ತದೆ. ಕೀವಿನ ಮೊಡವೆಗೆ ನಾನು ಹಚ್ಚಿದ್ದರಲ್ಲೆಲ್ಲ ಬೇಗ ಕೆಲಸ ಮಾಡಿದ್ದು ಇದೇ. ಇದು ಆಂಟಿಬಯೋಟಿಕ್ ಅಲ್ಲ. ಚರ್ಮದ ರಂಧ್ರದೊಳಗೆ ಆಮ್ಲಜನಕ ಬಿಟ್ಟು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದಕ್ಕೇ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವ ಭಯ ಇಲ್ಲ. ವರ್ಷ ಹಚ್ಚಿದರೂ ಮೊದಲ ದಿನದಂತೆಯೇ ಕೆಲಸ.

ಆದರೆ ಬಟ್ಟೆ! ನನ್ನದೊಂದು ಕಡುನೀಲಿ ದಿಂಬಿನ ಕವರ್ ಇತ್ತು. ಎರಡನೇ ವಾರ ಬೆಳಿಗ್ಗೆ ಎದ್ದು ನೋಡಿದರೆ ನಡುವೆ ಅಂಗೈಯಷ್ಟು ಅಗಲ ಬಣ್ಣ ಹೋಗಿ ಮಾಸಲು ಕಿತ್ತಳೆಯಾಗಿತ್ತು. ಎಣ್ಣೆಯ ಕಲೆ ಅಂದುಕೊಂಡು ಅಮ್ಮ ಸೋಪು ಹಾಕಿ ತಿಕ್ಕಿದರು. ಅದು ಹೋಗುವ ಕಲೆಯಲ್ಲ, ಬಣ್ಣವೇ ಹೋದ ಜಾಗ. ಅಮ್ಮನ ಹೊಸ ಮೆರೂನ್ ಟವೆಲ್ಲಿಗೂ ಹಾಗೇ ಆಯಿತು, ನನ್ನ ಬೆರಳು ಮೂಡಿದಂತೆ ನಾಲ್ಕು ಗೆರೆ. ಬೆನ್ಝಾಯ್ಲ್ ಪೆರಾಕ್ಸೈಡ್ ಹಚ್ಚುವವರು ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ. ಹಚ್ಚಿದ ಮೇಲೆ ಕೈ ತೊಳೆಯಿರಿ. ರೇಷ್ಮೆ ಸೀರೆ ಉಡುವ ದಿನ ಹಚ್ಚಲೇಬೇಡಿ. ಕುತ್ತಿಗೆ ಬೆವರಿ ಅಂಚಿಗೆ ತಾಗಿದರೆ ಮುಗಿಯಿತು.

ಎರಡು ತಿಂಗಳಲ್ಲಿ ಕೀವಿನ ಮೊಡವೆ ಅರ್ಧಕ್ಕಿಂತ ಕಮ್ಮಿಯಾಯಿತು. ಹೊಸ ಗಂಟುಗಳು ಹುಟ್ಟುವುದು ಮಾತ್ರ ನಿಲ್ಲಲಿಲ್ಲ. ಹೀಗಾಗಿ ರಾತ್ರಿಗೆ ರೆಟಿನಾಯ್ಡ್ ಗುಂಪಿನ ಔಷಧಿ ಸೇರಿಸಿದರು. ಮೊದಲು ಟ್ರೆಟಿನಾಯಿನ್ 0.025 ಪರ್ಸೆಂಟ್, ಆಮೇಲೆ ಅಡಾಪಲೀನ್ 0.1 ಪರ್ಸೆಂಟ್ ಜೆಲ್. ನಿಜವಾದ ಪೈಪೋಟಿ ಇವೆರಡರ ನಡುವೆಯೇ. ಎರಡರ ಕೆಲಸವೂ ಒಂದೇ: ರಂಧ್ರದ ಬಾಯಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು. ಅಂದರೆ ಕಣ್ಣಿಗೆ ಕಂಡ ಮೊಡವೆಗಿಂತ ಇನ್ನೂ ಕಾಣದ ಮೊಡವೆಗೆ ಔಷಧಿ. "ಮೊಡವೆ ಮೇಲೆ ಹಚ್ಚೋದಲ್ಲಮ್ಮ, ಮೊಡವೆ ಬರೋ ಜಾಗಕ್ಕೆಲ್ಲ ಹಚ್ಚೋದು" ಅಂದರು ಮೇಡಂ. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು. ಅಲ್ಲಿಯವರೆಗೆ ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಹಚ್ಚುತ್ತಿದ್ದೆ.

ಟ್ರೆಟಿನಾಯಿನ್ ನನ್ನ ಮುಖಕ್ಕೆ ಖಾರವಾಯಿತು. ಎರಡನೇ ವಾರದಿಂದ ಮೂಗಿನ ಪಕ್ಕದ ಸಂದು, ಬಾಯಿಯ ಮೂಲೆ, ಗಲ್ಲ ಮೂರೂ ಕಡೆ ತೆಳ್ಳಗೆ ಸಿಪ್ಪೆ ಎದ್ದಿತು. ಒಂದು ಸಂಜೆ ಆಫೀಸಿನವರೆಲ್ಲ ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ಹೋಗಿದ್ದೆವು. ಮೊದಲ ತುತ್ತಿಗೇ ಬಜ್ಜಿಯ ಖಾರದ ಎಣ್ಣೆ ಬಾಯಿಯ ಮೂಲೆಯ ಸೀಳಿಗೆ ತಾಗಿ ಕಣ್ಣಲ್ಲಿ ನೀರು ಬಂತು. ತಟ್ಟೆ ಹಾಗೇ ಬಿಟ್ಟು ಎದ್ದೆ. ತಪ್ಪು ಔಷಧಿಯದಷ್ಟೇ ಅಲ್ಲ, ನನ್ನದೂ ಇತ್ತು. ದಿನಾ ಹಚ್ಚುತ್ತಿದ್ದೆ, ಬೇಕಾದ್ದಕ್ಕಿಂತ ಜಾಸ್ತಿ ಹಚ್ಚುತ್ತಿದ್ದೆ, ಮುಖ ತೊಳೆದು ಒದ್ದೆ ಇರುವಾಗಲೇ ಹಚ್ಚುತ್ತಿದ್ದೆ. ಒದ್ದೆ ಚರ್ಮಕ್ಕೆ ಇದು ಇನ್ನೂ ಆಳಕ್ಕೆ ಇಳಿದು ಉರಿ ಹೆಚ್ಚಿಸುತ್ತದೆ.

ಅಡಾಪಲೀನ್‌ಗೆ ಬದಲಾಯಿಸಿದಾಗ ಕ್ರಮವನ್ನೂ ಬದಲಾಯಿಸಿದೆ. ರಾತ್ರಿ ಸಾದಾ ಫೇಸ್‌ವಾಶ್‌ನಿಂದ ಮುಖ ತೊಳೆದು, ಒತ್ತಿ ಒರೆಸಿ, ಇಪ್ಪತ್ತು ನಿಮಿಷ ಕಾಯುವುದು. ಕಣ್ಣಿನ ಸುತ್ತ, ಮೂಗಿನ ಸಂದು, ಬಾಯಿಯ ಮೂಲೆಗೆ ಮೊದಲೇ ಸ್ವಲ್ಪ ವ್ಯಾಸಲೀನ್. ಆಮೇಲೆ ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು ಜೆಲ್. ಅದನ್ನು ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕಿ ಇಟ್ಟು ತೆಳ್ಳಗೆ ಹರಡುವುದು. ಮೇಲೆ ಸುವಾಸನೆ ಇಲ್ಲದ ಮಾಯಿಶ್ಚರೈಸರ್. ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ, ಎರಡು ತಿಂಗಳ ಹೊತ್ತಿಗೆ ದಿನಾ. ಇಷ್ಟು ಮಾಡಿದ ಮೇಲೆ ಸಿಪ್ಪೆ ಎದ್ದಿದ್ದು ಗಲ್ಲದ ಮೇಲೆ ಒಂದೇ ವಾರ.

ಇದೇ ಕ್ರಮದಲ್ಲಿ ಟ್ರೆಟಿನಾಯಿನ್ ಹಚ್ಚಿದ್ದರೆ ಅದೂ ಒಗ್ಗುತ್ತಿತ್ತೇನೋ. ಹಾಗಿದ್ದರೂ ನನ್ನ ಮತ ಅಡಾಪಲೀನ್‌ಗೇ. ಒಂದು, ಇದರ ಉರಿ ನಿಜಕ್ಕೂ ಕಮ್ಮಿ. ಎರಡು, ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ, ಹಳೆಯ ಬಗೆಯದಾದರೆ ಬೆನ್ಝಾಯ್ಲ್ ಪೆರಾಕ್ಸೈಡ್ ಜೊತೆ ಸೇರಿದರೂ ಕೆಡುತ್ತದೆ. ಅಡಾಪಲೀನ್ ಎರಡಕ್ಕೂ ಜಗ್ಗುವುದಿಲ್ಲ. ಅದಕ್ಕೇ ಅಡಾಪಲೀನ್ 0.1, ಬೆನ್ಝಾಯ್ಲ್ ಪೆರಾಕ್ಸೈಡ್ 2.5 ಸೇರಿದ ಒಂದೇ ಟ್ಯೂಬು ಸಿಗುತ್ತದೆ. ಅಮೆರಿಕದಲ್ಲಿ 2016ರಿಂದ ಅಡಾಪಲೀನ್ 0.1 ಜೆಲ್ಲನ್ನು ಚೀಟಿ ಇಲ್ಲದೆ ಮಾರುತ್ತಾರೆ. ಅದನ್ನು ಓದಿ ಇಲ್ಲೂ ಸುಮ್ನೆ ಹೋಗಿ ಕೊಂಡುಬಿಡೋಣ ಅನ್ನಿಸಬಹುದು. ಬೇಡ. ನಮ್ಮಲ್ಲಿ ಡಾಕ್ಟರ್ ಹತ್ತಿರ ಹೋಗಿ ಒಮ್ಮೆ ಮುಖ ತೋರಿಸಿ. ಅದು ಮೊಡವೆಯೇ ಅಲ್ಲದಿರಬಹುದು, ನನ್ನಂತೆ ಸ್ಟೀರಾಯ್ಡ್ ಕ್ರೀಮಿನ ಗುಳ್ಳೆಯೂ ಇರಬಹುದು.

ಅಡಾಪಲೀನ್‌ನ ದೊಡ್ಡ ಕಷ್ಟ ಕಾಯುವುದು. ನಾಲ್ಕನೇ ವಾರದಲ್ಲಿ ನನಗೆ ಮೊದಲಿಗಿಂತ ಜಾಸ್ತಿ ಮೊಡವೆ ಇತ್ತು. ಒಳಗೆ ಕಟ್ಟಿಕೊಂಡಿದ್ದು ಬೇಗ ಬೇಗ ಮೇಲೆ ಬರುವ ಹೊತ್ತು ಅದು. ಅತ್ತೆ ಮಗಳ ನಿಶ್ಚಿತಾರ್ಥ ಬೇರೆ ಹತ್ತಿರ ಬಂದಿತ್ತು, ಅತ್ತುಬಿಟ್ಟೆ. ಎಂಟನೇ ವಾರ ಹಣೆ ನುಣುಪಾಯಿತು. ಹನ್ನೆರಡನೇ ವಾರ ಗಲ್ಲ. ಮೂರು ತಿಂಗಳ ಮುಂಚೆ ಈ ಔಷಧಿಯ ಬಗ್ಗೆ ತೀರ್ಮಾನ ಕೊಡಬೇಡಿ.

ಆ ನಿಶ್ಚಿತಾರ್ಥಕ್ಕೆ ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಪಾರ್ಲರಿನಲ್ಲಿ ಮೇಲ್ತುಟಿಗೆ ವ್ಯಾಕ್ಸ್ ಮಾಡಿಸಿದೆ. ಪಟ್ಟಿ ಎಳೆದಾಗ ಕೂದಲಿನ ಜೊತೆ ಚರ್ಮದ ಪದರವೂ ಕಿತ್ತು ಬಂತು. ಹೆಸರುಬೇಳೆಯಷ್ಟು ಕೆಂಪು ಗಾಯ, ಆರು ತಿಂಗಳು ಕಪ್ಪು ಕಲೆಯಾಗಿ ಉಳಿಯಿತು. ರೆಟಿನಾಯ್ಡ್ ಹಚ್ಚುವವರು ಮುಖಕ್ಕೆ ವ್ಯಾಕ್ಸ್ ಬಿಟ್ಟುಬಿಡಿ. ಥ್ರೆಡಿಂಗ್ ಆದರೂ ಕೆಲವು ದಿನ ಮೊದಲೇ ಜೆಲ್ ನಿಲ್ಲಿಸಿ ಮಾಡಿಸಿ. ನಮ್ಮ ಬಣ್ಣದ ಚರ್ಮಕ್ಕೆ ಉರಿಯೂ ಕಲೆ ಬಿಡುತ್ತದೆ, ಮೊಡವೆಯಷ್ಟೇ. ಖಾರದ ಔಷಧಿಯಿಂದ ಬೇಗ ವಾಸಿ ಮಾಡಿಕೊಳ್ಳೋಣ ಅನ್ನುವ ಲೆಕ್ಕ ಅದಕ್ಕೇ ನಮಗೆ ಹೊಂದುವುದಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಓಡಿಸುವ ನನಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಇಲ್ಲದೆ ರೆಟಿನಾಯ್ಡ್ ಹಚ್ಚುವುದು ಸಾಧ್ಯವೇ ಇಲ್ಲ. ಎಣ್ಣೆ ಎಣ್ಣೆ ಅನ್ನಿಸದ ಜೆಲ್ ಬಗೆಯದು ನನಗೆ ಒಗ್ಗಿತು.

ಈಗ ಮೇಡಂ ಕೇಳಿದ ಪ್ರಶ್ನೆಗಳ ವಿಷಯ. ಟ್ರೆಟಿನಾಯಿನ್ ಆಗಲಿ ಅಡಾಪಲೀನ್ ಆಗಲಿ ಬಸಿರಿನಲ್ಲಿ ಹಚ್ಚಬಾರದು, ಮಗುವಿಗೆ ಪ್ರಯತ್ನ ಮಾಡುವಾಗಲೂ ನಿಲ್ಲಿಸುತ್ತಾರೆ. ನನ್ನ ಅತ್ತಿಗೆಗೆ ಬಸಿರಿನಲ್ಲಿ ಡಾಕ್ಟರ್ ಬರೆದುಕೊಟ್ಟಿದ್ದು ಅಜೆಲೈಕ್ ಆಸಿಡ್. ನಾನು ಹಚ್ಚಿಲ್ಲ, ಆದ್ದರಿಂದ ಹೋಲಿಸುವುದಿಲ್ಲ. ಮುಟ್ಟಿನ ಏರುಪೇರು, ಗಲ್ಲದ ಕೂದಲು ಇದ್ದರೆ ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಾಗುವ ಅಂಡಾಶಯದ ತೊಂದರೆ ಇರಬಹುದು, ಆಗ ಬರೀ ಜೆಲ್ ಸಾಲುವುದಿಲ್ಲ. ಮುಟ್ಟಿದರೆ ನೋಯುವ ದೊಡ್ಡ ಗಂಟು, ಕುಳಿ ಬೀಳುವ ಮೊಡವೆ ಇದ್ದವರೂ ಟ್ಯೂಬು ಹೋಲಿಸುತ್ತ ಕೂರಬೇಡಿ. ಆ ಕುಳಿ ಆಮೇಲೆ ತುಂಬುವುದು ಬಹಳ ಕಷ್ಟ.

ತಂಗಿಗೆ ಏನು ಹೇಳಿದೆ ಅಂದರೆ: ಕೀವಿನ ಮೊಡವೆಯೇ ಜಾಸ್ತಿ ಇದ್ದರೆ ಬೆನ್ಝಾಯ್ಲ್ ಪೆರಾಕ್ಸೈಡ್ 2.5, ಸಣ್ಣ ಗಂಟು, ಕರಿ ತಲೆ ಜಾಸ್ತಿ ಇದ್ದರೆ ಅಡಾಪಲೀನ್, ಎರಡೂ ಇದ್ದರೆ ಎರಡೂ. ಕ್ಲಿಂಡಾಮೈಸಿನ್ ಒಂದನ್ನೇ ಯಾರು ಕೊಟ್ಟರೂ ಬೇಡ ಅನ್ನು. ಇದನ್ನೆಲ್ಲ ಡಾಕ್ಟರ್ ಮುಂದೆ ಕೂತು ಕೇಳು, ನನ್ನ ಚೀಟಿ ತೋರಿಸಿ ಕೊಳ್ಳಬೇಡ. ಅವಳು ಕೇಳಿದಳು. ಅವಳಿಗೆ ಅಡಾಪಲೀನ್ ಬರೆದಿದ್ದಾರೆ, ಸೋಮವಾರ ಮತ್ತು ಗುರುವಾರ ರಾತ್ರಿ. ನಾನು ಈಗ ಇರುವುದು ಎರಡೂ ಸೇರಿದ ಜೆಲ್ ಮೇಲೆ, ವಾರಕ್ಕೆ ಮೂರು ರಾತ್ರಿ. ಹೊಸ ಮೊಡವೆ ತಿಂಗಳಿಗೆ ಒಂದೋ ಎರಡೋ, ಮುಟ್ಟಿನ ಹಿಂದೆ ಮುಂದೆ. ಕಳೆದ ವಾರ ಅವಳಿಗೊಂದು ಪಾರ್ಸೆಲ್ ಕಳಿಸಿದೆ. ಸನ್‌ಸ್ಕ್ರೀನ್, ಮಾಯಿಶ್ಚರೈಸರ್, ಜೊತೆಗೆ ಎರಡು ಬಿಳಿ ದಿಂಬಿನ ಕವರ್. ಅಡಾಪಲೀನ್ ಬಣ್ಣ ತೆಗೆಯುವುದಿಲ್ಲ, ಆದರೂ ಮುಂದೆ ಬೇಕಾದೀತು ಅಂತ ಅಮ್ಮನೇ ಇಟ್ಟರು.