ತುಮಕೂರಿನ ಶಿರಾ ಗೇಟಿನ ಶೀಟು ಇಳಿಸುವ ತಂಡ: ಕೆಲಸ ಚೊಕ್ಕ, ವಿಲೇವಾರಿ ಶೂನ್ಯ

ಅತ್ತೆಯವರ ಕಾಲದ ನಮ್ಮ ಮನೆಯ ಹಿಂಭಾಗದಲ್ಲಿ, ಅಡುಗೆಮನೆ ಮತ್ತು ಬಚ್ಚಲಿನ ಮೇಲೆ, 1980ರ ದಶಕದ ಆಸ್ಬೆಸ್ಟಾಸ್ ಶೀಟುಗಳಿದ್ದವು. ಆರ್‌ಸಿಸಿ ಹಾಕಿಸೋಣವೆಂದು ಕರೆದಾಗ ಮೊದಲು ಬಂದ ಮೇಸ್ತ್ರಿ, "ಸುತ್ತಿಗೆಯಲ್ಲಿ ಒಡೆದರೆ ಮಧ್ಯಾಹ್ನದೊಳಗೆ ಮುಗಿಯುತ್ತದಮ್ಮ" ಎಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಶೀಟು ಗಟ್ಟಿಯಾಗಿರುವಷ್ಟು ಕಾಲ ಸಿಮೆಂಟಿನೊಳಗಿನ ಆಸ್ಬೆಸ್ಟಾಸ್ ನಾರು ಸುಮ್ಮನಿರುತ್ತದೆ. ಒಡೆದರೆ, ಕೊಯ್ದರೆ ಕಣ್ಣಿಗೆ ಕಾಣದ ಎಳೆಗಳಾಗಿ ಎದ್ದು ಶ್ವಾಸಕೋಶ ಸೇರುತ್ತದೆ. ಕ್ಯಾನ್ಸರ್ ತಲೆದೋರುವುದು ದಶಕಗಳ ನಂತರ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರಲ್ಲಿ ಆಸ್ಬೆಸ್ಟಾಸನ್ನು ನಿಷೇಧಿಸಿದವು. ನಮ್ಮೂರಿನ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಹೊಸ ಶೀಟುಗಳು ಇಂದಿಗೂ ಗೋಡೆಗೊರಗಿ ನಿಂತಿವೆ.

ಶಿರಾ ಗೇಟಿನ ತಂಡದವರು ಸುತ್ತಿಗೆಯನ್ನೇ ತರಲಿಲ್ಲ. ಔಷಧ ಸಿಂಪಡಿಸುವ ಪಂಪಿನಲ್ಲಿ ಸೋಪಿನ ನೀರು ತುಂಬಿಕೊಂಡು ಶೀಟುಗಳನ್ನು ಎರಡೂ ಕಡೆ ತೋಯಿಸಿದರು. ಹಳೆಯ ಶೀಟು ಕಾಲಡಿ ಕುಸಿಯುತ್ತದೆಂದು ಹಲಗೆ ಹಾಸಿಕೊಂಡೇ ಮೇಲೆ ಹತ್ತಿದರು. ತುಕ್ಕು ಹಿಡಿದ ಹುಕ್ ಬೋಲ್ಟುಗಳಿಗೆ ಗ್ರೈಂಡರ್ ಹಚ್ಚದೆ ಬೋಲ್ಟ್ ಕಟರ್‌ನಿಂದ ಕತ್ತರಿಸಿ, ಒಂದೊಂದೇ ಶೀಟನ್ನು ಇಡಿಯಾಗಿ ಹಗ್ಗದಲ್ಲಿ ಇಳಿಸಿ, ದಪ್ಪ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿದರು. ಕೊನೆಗೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಅಷ್ಟು ಶಿಸ್ತು ನಾನು ಬಣ್ಣ ಬಳಿಯುವವರಲ್ಲೂ ಕಂಡಿಲ್ಲ.

ದೂರುಗಳೂ ಇವೆ. ಮುಖ್ಯಸ್ಥರ ಮುಖಕ್ಕೆ ಫಿಲ್ಟರ್ ಇರುವ ರಬ್ಬರ್ ಮಾಸ್ಕ್, ಜೊತೆಗೆ ಬಂದ ಇಬ್ಬರು ಹುಡುಗರಿಗೆ ಕೊರೊನಾ ಕಾಲದ ನೀಲಿ ಮಾಸ್ಕ್! ಈ ನಾರಿಗೆ ಅದು ತಡೆಯೇ ಅಲ್ಲ. ನಾನು ಜಗಳ ತೆಗೆದ ಮೇಲೆ ಅವರಿಗೂ ಸರಿಯಾದವು ಬಂದವು. ಆದರೆ ಸಂಜೆ ನಾರು ಅಂಟಿರಬಹುದಾದ ಅದೇ ಬಟ್ಟೆಯಲ್ಲಿ ಬೈಕ್ ಹತ್ತಿ ಮನೆಗೆ ಹೊರಟರು. ಮನೆಯಲ್ಲಿ ಮಕ್ಕಳಿರುವುದಿಲ್ಲವೇ?

ಇನ್ನೊಂದು, ಇಳಿಸಿದ ಶೀಟುಗಳ ಗತಿ. "ನಮಗೇ ಬಿಡಿ, 1,500 ರೂಪಾಯಿ ಕಡಿಮೆ ಮಾಡುತ್ತೇವೆ" ಎಂದರು. ಯಾರದೋ ದನದ ಕೊಟ್ಟಿಗೆಯ ಸೂರಾಗುವುದಕ್ಕೆ ನಾನು ಒಪ್ಪಲಿಲ್ಲ. ಅಪಾಯಕಾರಿ ತ್ಯಾಜ್ಯದ ಘಟಕ ಇಲ್ಲೇ ಬೆಂಗಳೂರು ದಾರಿಯ ದಾಬಸ್‌ಪೇಟೆಯಲ್ಲಿದೆ. ಅದು ಕಾರ್ಖಾನೆಗಳ ತ್ಯಾಜ್ಯಕ್ಕೆಂದು ಕಟ್ಟಿದ್ದು. ಮನೆಯ ಶೀಟನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಅಲ್ಲಿ ವಿಚಾರಿಸುವ ಹೊಣೆಯನ್ನೂ ತಂಡದವರು ನನ್ನ ತಲೆಗೇ ಕಟ್ಟಿದರು. ಸದ್ಯಕ್ಕೆ ಕಟ್ಟುಗಳು ಹಿತ್ತಲಲ್ಲಿ ತಾಡಪಾಲಿನಡಿ ಬಿದ್ದಿವೆ.

ಇಳಿಸುವ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ಆಮೇಲಿನದಕ್ಕೆ ಒಂದು. ಕರೆಸುವವರು ಹುಡುಗರ ಮಾಸ್ಕ್ ಮತ್ತು ಶೀಟು ಹೋಗುವ ಜಾಗ, ಎರಡನ್ನೂ ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಿ.