ಬಾದಾಮಿ ಗುಹಾಲಯಗಳ ಮಾರ್ಗದರ್ಶಕ ಸೇವೆ: ಒಂದು ವಿಮರ್ಶೆ

ಇತಿಹಾಸವನ್ನು ಹವ್ಯಾಸವಾಗಿ ಓದುವವರು ಬಾದಾಮಿಯ ಗುಹೆಗಳನ್ನು ಸ್ಥಳೀಯ ಮಾರ್ಗದರ್ಶಕರ ನೆರವಿನಿಂದ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಎದುರು ನಮ್ಮ ಮಾರ್ಗದರ್ಶಕರು ಒಂದೊಂದು ಜೋಡಿ ಕೈಗಳನ್ನು ಬೇರೆಯಾಗಿ ಗುರುತಿಸಿ, ಒಂದೇ ಶಿಲ್ಪದಲ್ಲಿ ಹಲವು ನೃತ್ಯಭಂಗಿಗಳು ಹೇಗೆ ಮೂಡುತ್ತವೆ ಎಂಬುದನ್ನು ತಾಳ್ಮೆಯಿಂದ ವಿವರಿಸಿದರು.

ಆದರೆ ಮೂರನೆಯ ಗುಹೆಯಲ್ಲಿ ಅವರು ಅವಸರಿಸಿದ್ದು ಬೇಸರ ತಂದಿತು. ಚಾಲುಕ್ಯ ಅರಸ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಕ್ರಿ.ಶ. 578ರಲ್ಲಿ, ಅವನ ತಮ್ಮ ಮಂಗಳೇಶನು ಮಾಡಿಸಿದ ಈ ವಿಷ್ಣುಗೃಹದಲ್ಲಿ ಸಂಸ್ಕೃತ ಶಾಸನದ ಜೊತೆಗೆ ಪುಟ್ಟದೊಂದು ಕನ್ನಡ ಶಾಸನವೂ ಇದೆ. ಗುಹಾಲಯವನ್ನು ‘ಕಲ್ಮನೆ’ ಎಂದು ಕರೆಯುವ ಆ ಶಾಸನವು ದೇವರಿಗೆ ಹೂ ಒದಗಿಸುವ ಮಾಲೆಗಾರರಿಗೂ ದತ್ತಿಯಲ್ಲಿ ಪಾಲು ಗೊತ್ತುಮಾಡಿ, ಅದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗುವನೆಂದು ಶಪಿಸುತ್ತದೆ. ಅರಸರ ಬಿರುದುಗಳಿಗಿಂತ ಹೂವಾಡಿಗರ ಈ ಉಲ್ಲೇಖವೇ ನನಗೆ ಹೆಚ್ಚು ಅಮೂಲ್ಯವೆನಿಸುತ್ತದೆ, ಏಕೆಂದರೆ ದುಡಿಯುವವರ ದಿನನಿತ್ಯದ ಬದುಕು ಕಲ್ಲಿನ ಮೇಲೆ ಉಳಿದಿರುವುದು ಅಪರೂಪ. ನಾವು ಕೇಳಿದ ಮೇಲಷ್ಟೇ ಅದರ ಪ್ರಸ್ತಾಪವಾಯಿತು.

ಶಿಲ್ಪಗಳ ವಿವರಣೆಗಾಗಿ ಈ ಸೇವೆ ಕೊಟ್ಟ ಹಣಕ್ಕೆ ಯೋಗ್ಯವಾಗಿದೆ. ಶಾಸನಾಸಕ್ತರು ಮಾತ್ರ ಮೂರನೆಯ ಗುಹೆಗೆ ಹೆಚ್ಚು ಸಮಯ ಬೇಕೆಂದು ಶುಲ್ಕ ಮಾತಾಡುವಾಗಲೇ ತಿಳಿಸಬೇಕು.