ಮಾಡೆಲ್ ರೈಲು ಸ್ಟೇಷನ್ನಿಗೆ ಕೈಮರ: ಮೂರು ಜೋಡಣೆಗಳನ್ನು ಹೋಲಿಸಿ ನೋಡಿದಾಗ

ಮಾಡೆಲ್ ರೈಲ್ವೆ ಕಟ್ಟುವವರು ಹಳಿ, ಪಾಯಿಂಟು (ಹಳಿ ಕವಲೊಡೆಯುವ ಜಾಗ), ಪ್ಲಾಟ್‌ಫಾರ್ಮ್ ಎಲ್ಲ ಮುಗಿಸಿ ಕೊನೆಗೆ ಸಿಗ್ನಲ್ ಕಡೆ ಬರುತ್ತಾರೆ. ಅಷ್ಟೊತ್ತಿಗೆ ಜಾಗ ಮುಗಿದಿರುತ್ತದೆ. ನಿಜವಾದ ಸ್ಟೇಷನ್ನಿನಲ್ಲಿ ಕೈಮರಗಳು, ಅಂದರೆ ಕೈಯಂತೆ ಪಟ್ಟಿ ಚಾಚಿದ ಸಿಗ್ನಲ್ ಕಂಬಗಳು, ನೂರಾರು ಮೀಟರ್ ದೂರದೂರ ನಿಲ್ಲುತ್ತವೆ. ನಮ್ಮ ಹಲಗೆ ಗೋಡೆಯಿಂದ ಗೋಡೆಗೆ ಹನ್ನೆರಡು ಅಡಿ. ಹಾಗಾಗಿ ಯಾವ ಕೈಮರ ಇಡಬೇಕು, ಯಾವುದನ್ನು ಬಿಡಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಒಂದೇ ಸ್ಟೇಷನ್ನಿನ ಮೇಲೆ ಮೂರು ಜೋಡಣೆ ಮಾಡಿ, ಗಾಡಿ ಓಡಿಸಿ ನೋಡಿದ್ದೇನೆ.

ಸ್ಟೇಷನ್ ನನ್ನ ಕಲ್ಪನೆಯದು. ಮೈಸೂರು–ಅರಸೀಕೆರೆ ಮಾರ್ಗ ಇನ್ನೂ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಆ ಕಡೆ ಇದ್ದಿರಬಹುದಾದ ಒಂದು ಸಣ್ಣ ನಿಲ್ದಾಣ. ನಡುವೆ ಮೇನ್ ಲೈನು, ಎರಡೂ ಪಕ್ಕದಲ್ಲಿ ಒಂದೊಂದು ಲೂಪ್, ಅಂದರೆ ಮೇನ್ ಲೈನಿನಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಹಳಿ. 1:87 ಅಳತೆ, 12 ಮಿ.ಮೀ. ಹಳಿ. ಈ ಕೊನೆಯ ಪಾಯಿಂಟಿನಿಂದ ಆ ಕೊನೆಯ ಪಾಯಿಂಟಿಗೆ 2 ಮೀಟರ್. ಎರಡೂ ಬದಿಗೆ ಉಳಿಯುವುದು ಹತ್ತಿರಹತ್ತಿರ 80 ಸೆಂ.ಮೀ. ಅಲ್ಲಿಂದಾಚೆ ಹಳಿ ಪರದೆಯ ಹಿಂದೆ ಹೋಗುತ್ತದೆ. ಒಂದು ವೈಡಿಎಂ-4 ಎಂಜಿನ್, ಐದು ಬೋಗಿ ಸೇರಿದರೆ ಗಾಡಿಯ ಉದ್ದ ಸುಮಾರು 1.3 ಮೀಟರ್. ಈ 1.3 ಮೀಟರ್ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮೊದಲನೇ ಜೋಡಣೆ: ಎಲ್ಲವೂ ಇರಲಿ ಅನ್ನುವಂಥದ್ದು. ಹಳೆಯ ಎರಡು ಸೂಚನೆಯ ಪದ್ಧತಿ, ಅಂದರೆ ಕೈ ಅಡ್ಡ ಇದ್ದರೆ ನಿಲ್ಲು, ಕೆಳಗೆ ವಾಲಿದರೆ ಹೊರಡು. ಬರುವ ಗಾಡಿಗೆ ಮೊದಲು ಸಿಗುವ ಔಟರ್, ಅದೇ ಕಂಬದಲ್ಲಿ ಕೆಳಗೆ ಮೀನಿನ ಬಾಲದಂತೆ ಸೀಳಿದ, ಮುಂದಿನ ಸಿಗ್ನಲ್‌ಗಳ ಮುನ್ಸೂಚನೆ ಕೊಡುವ ವಾರ್ನರ್, ಪಾಯಿಂಟಿನ ಮುಂದೆ ಗಾಡಿಯನ್ನು ಸ್ಟೇಷನ್ ಒಳಗೆ ಬಿಡುವ ಮೂರು ಕೈಗಳ ಹೋಮ್, ಪ್ರತಿ ಲೈನಿಗೂ ಗಾಡಿ ಹೊರಡಿಸುವ ಸ್ಟಾರ್ಟರ್, ಅದರಾಚೆ ಹೊರಡುವ ಗಾಡಿಗೆ ಕೊನೆಯದಾದ ಅಡ್ವಾನ್ಸ್ಡ್ ಸ್ಟಾರ್ಟರ್. ಒಂದು ದಿಕ್ಕಿಗೆ ಒಂಬತ್ತು ಕೈ, ಎರಡು ದಿಕ್ಕಿಗೆ ಹದಿನೆಂಟು. ಫೋಟೋದಲ್ಲಿ ಬಹಳ ಚೆಂದ. ಓಡಿಸಿದಾಗ ಮಾತ್ರ ಸರಿ ಕಾಣುವುದಿಲ್ಲ. ಔಟರಿಗೂ ಹೋಮಿಗೂ ನಡುವೆ ಸಿಕ್ಕಿದ್ದು 70 ಸೆಂ.ಮೀ. ಗಾಡಿ ಹೋಮ್ ಹತ್ತಿರ ನಿಂತರೆ ಅದರ ಅರ್ಧ ಭಾಗ ಔಟರಿನ ಹಿಂದೆಯೇ ಇರುತ್ತದೆ! ಎರಡು ಸಿಗ್ನಲ್‌ಗಳ ನಡುವೆ ಒಂದು ಇಡೀ ಗಾಡಿ ಹಿಡಿಸದಿದ್ದರೆ ಆ ಎರಡರಲ್ಲಿ ಒಂದಕ್ಕೆ ಕೆಲಸವೇ ಇಲ್ಲ. ನಿಜದಲ್ಲಿ ಈ ಪದ್ಧತಿಯಲ್ಲಿ ಔಟರಿನಿಂದ ಮುಂದೆ ಕನಿಷ್ಠ 400 ಮೀಟರ್ ಹಳಿ ಖಾಲಿ ಇದ್ದರೆ ಮಾತ್ರ ಹಿಂದಿನ ಸ್ಟೇಷನ್ನಿಗೆ ಲೈನ್ ಕ್ಲಿಯರ್, ಅಂದರೆ ಗಾಡಿ ಕಳಿಸಲು ಒಪ್ಪಿಗೆ, ಕೊಡಬಹುದು. ನಮ್ಮ ಅಳತೆಯಲ್ಲಿ ಅದು 4.6 ಮೀಟರ್. ಇಡೀ ಹಲಗೆಗಿಂತ ಜಾಸ್ತಿ.

ಎರಡನೇದು ಮೇಲ್ಮುಖದ ಕೈಮರ. ಅಡ್ಡ ಇದ್ದರೆ ನಿಲ್ಲು, 45 ಡಿಗ್ರಿ ಮೇಲೆದ್ದರೆ ಎಚ್ಚರಿಕೆಯಿಂದ ಬಾ, ನೆಟ್ಟಗೆ ನಿಂತರೆ ಪೂರ್ತಿ ಹೊರಡು. ಇಲ್ಲಿ ಔಟರ್ ಇಲ್ಲ. ಹೋಮ್ ಹೇಗಿದೆ ಅಂತ ದೂರದಿಂದಲೇ ತಿಳಿಸುವ ಡಿಸ್ಟೆಂಟ್, ಹೋಮ್, ಸ್ಟಾರ್ಟರ್. ಡಿಸ್ಟೆಂಟನ್ನು ಪರದೆಯ ಹಿಂದೆ ಇದೆ ಅಂತ ಬಿಟ್ಟರೂ ಹನ್ನೆರಡು ಕೈ ಆಗುತ್ತವೆ. ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಗಾಡಿಗೆ ಮೇನ್ ಲೈನಿನ ಕೈಗಳು ಒಂದರ ಹಿಂದೊಂದು ಮೇಲೇಳುವುದನ್ನು ನೋಡುವುದೇ ಒಂದು ಖುಷಿ. ಈ ವಿಷಯದಲ್ಲಿ ಉಳಿದ ಎರಡು ಜೋಡಣೆ ಇದರ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಲಾಭವೂ ಇದೆ. ಸ್ಟಾರ್ಟರ್‌ಗಳ ಮುಖ ಸ್ಟೇಷನ್ ಕಡೆಗೆ ಇರುತ್ತದೆ. ಹಾಗಾಗಿ ಹಲಗೆಯ ನಡುವೆ ನಿಂತ ನಮಗೆ ಕೆಂಪು ಕೈಯೇ ಕಾಣುತ್ತದೆ.

ಆದರೆ ಹೋಮ್ ಇಲ್ಲಿ ಪಾಯಿಂಟಿಗೆ ಅಂಟಿಕೊಂಡು ನಿಲ್ಲುವ ಹಾಗಿಲ್ಲ. ನಿಜದಲ್ಲಿ 180 ಮೀಟರ್ ಆಚೆ ಇರಬೇಕು, ಅಂದರೆ ನಮ್ಮಲ್ಲಿ 2 ಮೀಟರಿಗಿಂತ ಸ್ವಲ್ಪ ಹೆಚ್ಚು. ಇದ್ದದ್ದು 80 ಸೆಂ.ಮೀ. ಹೋಮನ್ನು ಪರದೆಯ ಅಂಚಿಗೆ ತಳ್ಳಿದರೆ, ಅಲ್ಲಿ ನಿಂತ ಗಾಡಿಯ ಎಂಜಿನ್ ಮಾತ್ರ ಇಣುಕುತ್ತದೆ. ಜೊತೆಗೆ ಮೇನ್ ಲೈನಿನ ಹೋಮ್ ಕೈಗೆ ಮೂರು ಸ್ಥಾನ ಬೇಕು. ದಾರ ಎಳೆದು ನಡೆಸುವುದು ಕಷ್ಟ, ಸರ್ವೋ ಮೋಟಾರೇ ಗತಿ. ದೊಡ್ಡ ಕೋಣೆ ಇರುವವರಿಗೆ ಇದನ್ನೇ ಹೇಳುತ್ತೇನೆ. ಹನ್ನೆರಡು ಅಡಿಗೆ ಬೇಡ.

ಮೂರನೇದು ಬರೀ ಅಗತ್ಯದ್ದು. ಎರಡು ಸೂಚನೆಯ ಪದ್ಧತಿಯಲ್ಲಿ, ನಮ್ಮದರಂಥ, ರೈಲ್ವೆಯ ಲೆಕ್ಕದಲ್ಲಿ ಬಿ ಕ್ಲಾಸ್ ಅನ್ನುವ ಸ್ಟೇಷನ್ನಿಗೆ ನಿಯಮದ ಪ್ರಕಾರ ಕನಿಷ್ಠ ಬೇಕಾದದ್ದು ಔಟರ್ ಮತ್ತು ಹೋಮ್, ಅಷ್ಟೇ. ಸ್ಟಾರ್ಟರ್ ಕಡ್ಡಾಯವಲ್ಲ. ಇಲ್ಲಿ ಹೋಮ್ ಪಾಯಿಂಟಿನ ಹತ್ತಿರವೇ ನಿಲ್ಲುತ್ತದೆ. ಹಾಗಾಗಿ ಅಳತೆ ಕುಗ್ಗಿಸಿದರೂ ಅದರ ಜಾಗ ಸುಳ್ಳಾಗುವುದಿಲ್ಲ. ಔಟರನ್ನು ಪರದೆಯ ಹಿಂದೆ ಕಳಿಸಿ, ಪ್ಯಾನಲ್ಲಿನ ಮೇಲೆ ಅದಕ್ಕೊಂದು ದೀಪ ಇಟ್ಟೆ. 'ಗಾಡಿ ಔಟರ್‌ನಲ್ಲಿ ನಿಂತಿದೆ' ಅನ್ನೋದು ಪ್ರಯಾಣಿಕರಿಗೆಲ್ಲ ಗೊತ್ತಿರುವ ಮಾತು. ಸ್ಟೇಷನ್ನಿನಲ್ಲಿದ್ದವರಿಗೆ ಆ ಗಾಡಿ ಕಾಣುವುದಿಲ್ಲ, ಅಲ್ವಾ? ಮಾಡೆಲ್‌ನಲ್ಲೂ ಹಾಗೇ.

ಒಟ್ಟು ಆರೇ ಕೈ. ಉಳಿದ ದುಡ್ಡು, ಸಮಯ ಎಲ್ಲ ಎರಡು ಹೋಮ್‌ಗಳಿಗೆ ಹೋಯಿತು. ಅಷ್ಟು ಗಮನ ಅವಕ್ಕೆ ಬೇಕೂ ಬೇಕು. ಒಂದು ದಪ್ಪ ಕಂಬ, ಮೇಲೆ ಅಡ್ಡಪಟ್ಟಿ, ಅದರ ಮೇಲೆ ಮೂರು ಸಣ್ಣ ಕಂಬ. ನಡುವಿನದು ಮೇನ್ ಲೈನಿಗೆ, ಉಳಿದೆರಡಕ್ಕಿಂತ ಎತ್ತರ. ಎಡಗಡೆಯದು ಎಡ ಲೂಪಿಗೆ, ಬಲಗಡೆಯದು ಬಲ ಲೂಪಿಗೆ. ಯಾವ ಕೈ ಬಿತ್ತು ಅನ್ನುವುದರ ಮೇಲೆ ಯಾವ ಲೈನಿಗೆ ಹೋಗುತ್ತೇನೆ ಅಂತ ಡ್ರೈವರಿಗೆ ಗೊತ್ತಾಗಬೇಕು. ಕೈಗಳೆಲ್ಲ ಕಂಬದ ಎಡಕ್ಕೇ ಚಾಚುತ್ತವೆ. ನಮ್ಮ ಅಳತೆಯಲ್ಲಿ ಒಂದು ಕೈ ಒಂದೂವರೆ ಸೆಂ.ಮೀ. ಇರುತ್ತದೆ, ಸಣ್ಣ ಕಂಬಗಳ ನಡುವೆ 2 ಸೆಂ.ಮೀ. ಬಿಟ್ಟರೆ ಒಂದಕ್ಕೊಂದು ತಗುಲುವುದಿಲ್ಲ.

ಈ ಜೋಡಣೆಯ ಕೊರತೆಯನ್ನೂ ಹೇಳಬೇಕು. ಎರಡೂ ಹೋಮ್‌ಗಳು ಹೊರಗೆ ಮುಖ ಮಾಡಿರುವುದರಿಂದ ಸ್ಟೇಷನ್ ನಡುವೆ ನಿಂತವರಿಗೆ ಕಾಣುವುದು ಅವುಗಳ ಬೆನ್ನು. ಅದಕ್ಕೇ ಬೆನ್ನಿನ ಬಣ್ಣವನ್ನು ಸುಮ್ನೆ ಬಿಡಬೇಡಿ: ಬಿಳಿ ಕೈ, ತುದಿಯ ಹತ್ತಿರ ಕಪ್ಪು ಪಟ್ಟಿ. ದೀಪದ ಹಿಂದೆ ಒಂದು ಪುಟ್ಟ ತೂತು ಇಟ್ಟರೆ ಇನ್ನೂ ಒಳ್ಳೆಯದು. ಕೈ ಅಡ್ಡ ಇದ್ದಾಗ ಅದರಲ್ಲಿ ಬಿಳಿ ಬೆಳಕು ಕಾಣಬೇಕು, ಕೈ ಇಳಿದಾಗ ಮುಚ್ಚಬೇಕು. ರಾತ್ರಿ ಸ್ಟೇಷನ್ ಮಾಸ್ಟರಿಗೆ ಸಿಗ್ನಲ್ ಸ್ಥಿತಿ ತಿಳಿಯುತ್ತಿದ್ದದ್ದು ಹೀಗೇ. ಮುಂದೆ ಹೊರಡು ಅನ್ನುವ ಸೂಚನೆಯ ಗಾಜಿಗೆ ಹಸಿರಿಗಿಂತ ನೀಲಿ ಕಡೆಗಿನ ಬಣ್ಣ ಹಾಕಿ, ಒಳಗೆ ಹಳದಿ ಛಾಯೆಯ ಎಲ್‌ಇಡಿ ಇಡಿ. ಸೀಮೆಎಣ್ಣೆ ದೀಪದ ಹಳದಿ ಬೆಳಕು ನೀಲಿ ಗಾಜಿನಲ್ಲಿ ಹಾದು ಹಸಿರಾಗುತ್ತಿತ್ತು. ಅಪ್ಪಟ ಬಿಳಿ ಎಲ್‌ಇಡಿ ಹಾಕಿದರೆ ಬರೀ ನೀಲಿ ಕಾಣುತ್ತದೆ.

ಸ್ಟಾರ್ಟರ್ ಇಲ್ಲದೆ ಗಾಡಿ ಹೊರಡುವುದು ಹೇಗೆ? ಟೋಕನ್ ಇದೆಯಲ್ಲ, ಮುಂದಿನ ಸ್ಟೇಷನ್ ತನಕ ಹೋಗಲು ಡ್ರೈವರಿಗೆ ಕೊಡುವ ಅನುಮತಿಯ ಗುರುತು. ನೀಲ್ಸ್ ಯಂತ್ರದಿಂದ ಬಂದ ಉಕ್ಕಿನ ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ನಮ್ಮಲ್ಲಿ ಒಂದು ಬೇರಿಂಗ್ ಗುಂಡು ಆ ಕೆಲಸ ಮಾಡುತ್ತದೆ. ಸ್ಟೇಷನ್ ನೋಡಿಕೊಳ್ಳುವವರು ಗುಂಡನ್ನು ಗಾಡಿ ಓಡಿಸುವವರ ಕೈಗೆ ಕೊಡುವ ತನಕ ಗಾಡಿ ಅಲ್ಲಾಡುವಂತಿಲ್ಲ. ಸ್ಟಾರ್ಟರ್ ಇದ್ದಾಗ ನಾವು ಬಟನ್ ಒತ್ತಿ ಸುಮ್ಮನಿರುತ್ತಿದ್ದೆವು. ಈಗ ಇಬ್ಬರು ಮಾತಾಡಿಕೊಂಡು ಗಾಡಿ ಬಿಡುತ್ತೇವೆ. ನನ್ನ ಮಟ್ಟಿಗೆ ಇದರಿಂದಲೇ ಮೂರನೇ ಜೋಡಣೆ ಗೆದ್ದಿತು.

ಕೈಮರ ಕೊಳ್ಳುವವರು ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ಮಾದರಿಯ ಕಿಟ್ ನೋಡಿ. ಅದೂ ಕೆಳಗೆ ವಾಲುವ ಎಡಗೈ, ಕೆಂಪಿನ ಮೇಲೆ ಬಿಳಿ ಪಟ್ಟಿ. ರೇಶಿಯೋ ಕಿಟ್ಟುಗಳು 1:76 ಆದರೂ ಹೋಮ್ ಕಂಬಕ್ಕೆ ಹೊಂದುತ್ತವೆ. ಜರ್ಮನ್ ಕೈಮರ ಬಲಕ್ಕೆ ಚಾಚುತ್ತದೆ, ತುದಿಯಲ್ಲಿ ದುಂಡು ತಟ್ಟೆ ಬೇರೆ. ನಮ್ಮ ಸ್ಟೇಷನ್ನಿಗೆ ಒಗ್ಗುವುದಿಲ್ಲ. ತೂತು ಕೊರೆಯುವ ಮುಂಚೆ ಐಸ್‌ಕ್ರೀಂ ಕಡ್ಡಿಗೆ ರಟ್ಟಿನ ಕೈ ಅಂಟಿಸಿ ನಿಲ್ಲಿಸಿ, ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಪಕ್ಕದಲ್ಲಿ ಹಾಯಿಸಿ. ತಿರುವಿನಲ್ಲಿ ಬೋಗಿಯ ಮೂಲೆ ಎಷ್ಟು ಹೊರಗೆ ಬರುತ್ತದೆ ಅಂತ ಆಗ ಗೊತ್ತಾಗುತ್ತದೆ. ಎಡಕ್ಕೆ ಹೋಗುವ ಗಾಡಿಯ ಕೈಮರ ಹಲಗೆಯ ಮುಂದಿನ ಅಂಚಿನಲ್ಲೇ ಬರುತ್ತದೆ, ಅಂಗಿ ತೋಳು ತಗುಲುವ ಜಾಗ. ಅದನ್ನು ಪಿನ್ ಸಮೇತ ಎತ್ತಿಡುವಂತೆ ಮಾಡಿ.

1:160 ಅಳತೆಯವರಿಗೆ ಲೆಕ್ಕ ಬೇರೆ. ಇದೇ ಸ್ಟೇಷನ್ 1.1 ಮೀಟರಿಗೆ ಇಳಿಯುತ್ತದೆ, ಗಾಡಿ 70 ಸೆಂ.ಮೀ. ಹನ್ನೆರಡು ಅಡಿಯ ಹಲಗೆಯಲ್ಲಿ ಪ್ರತಿ ಬದಿಗೂ 1.2 ಮೀಟರಿಗಿಂತ ಹೆಚ್ಚು ಸಿಗುತ್ತದೆ. ಅವರು ಔಟರನ್ನು ಹೋಮಿನಿಂದ 1 ಮೀಟರ್ ಆಚೆ ಎದುರಿಗೇ ನಿಲ್ಲಿಸಬಹುದು, ನಡುವೆ ಇಡೀ ಗಾಡಿ ಹಿಡಿಸುತ್ತದೆ.